ಗಾಜು ಕಪ್ಪಾದ್ರ ಒಳಗ ತಂಪಾಗ್ತೈತೇನು? ಫಿಲ್ಮ್ ನಾವೇ ಅಂಟಿಸೋ ಮೊದಲು ತಿಳ್ಕೊಬೇಕಾದ ಲೆಕ್ಕ

ಹಿರೇಹಂದಿಗೋಳದಿಂದ ಮಾತಾಡ್ತಿದೀನಿ. ಫ್ಯಾನ್ ಸಪ್ಪಳ ರೆಕಾರ್ಡ್ ಆಗಬಾರದು ಅಂತ ಬಂದ್ ಮಾಡಿ ಕುಂತೀನಿ, ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಮುಖಕ್ಕ ಹೊಡೀಲಿಕ್ಕೆ ಹತ್ತೈತಿ. ಇವತ್ತಿನ ವಿಷಯನೂ ಅದೇ: ಬಿಸಿಲು ಮತ್ತು ಗಾಜು.

ಮಲ್ಪೆ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. "ನಮ್ಮ ಬೋಟಿನ ಕ್ಯಾಬಿನ್ ಮುಂದಿನ ಗಾಜಿಗೆ ಕಪ್ಪು ಫಿಲ್ಮ್ ನಾನೇ ಅಂಟಿಸ್ಬೇಕು ಅಂತ ಇದ್ದೇನೆ. ವಿಡಿಯೊದಲ್ಲಿ ನೋಡಿದ್ರೆ ಹತ್ತು ನಿಮಿಷದ ಕೆಲಸ. ಆಗ್ತದಾ?"

ನಮ್ಮ ಕಡೆ ಬೋಟ್ ಅಂದ್ರ ತುಂಗಭದ್ರೆಯ ಹರಗೋಲು, ಅದಕ್ಕ ಗಾಜೇ ಇಲ್ಲ. ಆದರೆ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಐತಿ. ಯಾಕಂದ್ರ ಇದೇ ಕೆಲಸ ನಾನು ನಮ್ಮ ಮಾಮಾನ ಕಾರಿಗೆ ಮಾಡಿ ಕೈ ಸುಟ್ಟುಕೊಂಡೀನಿ.

ಎರಡು ವರ್ಷದ ಹಿಂದಿನ ಬ್ಯಾಸಿಗಿ. ಆನ್‌ಲೈನ್‌ನಲ್ಲಿ ಇದ್ದುದರಲ್ಲೇ ಅತೀ ಕಪ್ಪು ರೋಲ್ ತರಿಸಿದೆ. "ಕಪ್ಪಿದ್ದಷ್ಟೂ ತಂಪು" ಅನ್ನೋದು ನನ್ನ ಲೆಕ್ಕ. ಬದಿಗಳಿಗೂ ಅಂಟಿಸಿದೆ, ಮುಂದಿನ ಗಾಜಿಗೂ ಅಂಟಿಸಿದೆ. ಹಗಲು ನೋಡೋಕೆ ಮಸ್ತ್ ಕಾಣ್ತಿತ್ತು. ಹದಿನೈದು ದಿನಕ್ಕ ಒಂದು ಮದುವಿ ಮುಗಿಸಿ ರಾತ್ರಿ ಗದಗಿನಿಂದ ಊರಿಗೆ ಬರ್ತಿದ್ವಿ. ಎದುರಿಗೆ ಒಂದು ಲಾರಿ ಫುಲ್ ಲೈಟ್ ಹಾಕ್ಕೊಂಡು ಬಂತು. ಅದು ದಾಟಿದ ಮ್ಯಾಲೆ ನೋಡ್ತೀನಿ, ನಮ್ಮ ಮುಂದ ಕಡ್ಲಿ ಹೊಟ್ಟು ತುಂಬಿದ ಟ್ರೇಲರ್ ನಿಂತೈತಿ! ಹಿಂದ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಒತ್ತಿದ ರಭಸಕ್ಕ ಮಾಮಾನ ಕೈ ಡ್ಯಾಶ್‌ಬೋರ್ಡಿಗೆ ಬಡೀತು. ಟ್ರೇಲರಿಗೂ ನಮಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮ್ಯಾಲೆ ಮಾಮಾ ಕೇಳಿದ: "ಅಳಿಯಾ, ನೀ ಅದನ್ನ ಗಾಜಿಗೆ ಹಚ್ಚಿದಿಯೋ, ಕಣ್ಣಿಗೆ ಹಚ್ಚಿದಿಯೋ?"

ಮರುದಿನ ಮುಂಜಾನೆ ಇಬ್ಬರೂ ಕೂಡಿ ಕಿತ್ತಿ ಹಾಕಿದ್ವಿ. ಟ್ರೇಲರಿನವರ ತಪ್ಪು ಇರಲಿಲ್ಲ ಅಂತಲ್ಲ. ಆದರೆ ಅವರು ಮಾಡೋ ತಪ್ಪು ನನಗೆ ಕಾಣಬೇಕಲ್ರಿ?

ಕಪ್ಪು ಬೇರೆ, ತಂಪು ಬೇರೆ

ನೆಲಕ್ಕೆ ಬರುವ ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಅದು ಇನ್‌ಫ್ರಾರೆಡ್, ಅಂದರೆ ಅವಕೆಂಪು ಕಿರಣ. ಕಾಣುವ ಬೆಳಕು ಇನ್ನರ್ಧಕ್ಕಿಂತ ಸ್ವಲ್ಪ ಕಡಿಮೆ. ಉಳಿದ ಸಣ್ಣ ಪಾಲು ಅಲ್ಟ್ರಾವಯಲೆಟ್. ಸಾದಾ ಬಣ್ಣದ ಕಪ್ಪು ಫಿಲ್ಮ್ ಮುಖ್ಯವಾಗಿ ತಡೆಯೋದು ಕಾಣುವ ಬೆಳಕನ್ನು. ಅದೂ ಹೀರಿಕೊಂಡು ತಡೆಯುತ್ತದೆ. ಹೀರಿಕೊಂಡ ಶಕ್ತಿಯಿಂದ ಗಾಜೇ ಕಾಯುತ್ತದೆ, ಕಾದ ಗಾಜು ಒಂದಷ್ಟು ಬಿಸಿಯನ್ನು ಒಳಗೇ ಬಿಡುತ್ತದೆ. ಹಾಗಾಗಿ ಕಣ್ಣಿಗೆ ನೆರಳು ಅನ್ನಿಸಿದಷ್ಟು ಮೈಗೆ ತಂಪು ಅನ್ನಿಸಲ್ಲ.

ಸೆರಾಮಿಕ್ ಅಂತ ಮಾರುವ ಫಿಲ್ಮ್‌ಗಳು ಬೇರೆ. ಒಳ್ಳೆಯವು ಬೆಳಕನ್ನು ಬಿಟ್ಟು ಅವಕೆಂಪು ಕಿರಣವನ್ನು ತಡೆಯುತ್ತವೆ. ಅಂದರೆ ಹೆಚ್ಚೂಕಡಿಮೆ ತಿಳಿಯಾಗಿ ಕಾಣುವ ಫಿಲ್ಮ್, ಅಗ್ಗದ ಕಪ್ಪು ಫಿಲ್ಮ್‌ಗಿಂತ ಹೆಚ್ಚು ತಂಪು ಕೊಡಬಹುದು. ಲೋಹದ ಪದರ ಇರುವ ಫಿಲ್ಮ್‌ಗಳೂ ಬಿಸಿ ತಡೆಯುತ್ತವೆ. ಆದರೆ ಅವು ಮೊಬೈಲ್, ಜಿಪಿಎಸ್, ಫಾಸ್ಟ್ಯಾಗ್ ಸಿಗ್ನಲ್‌ಗೆ ಅಡ್ಡಿ ಮಾಡಬಹುದು.

ಕೊಳ್ಳುವಾಗ "99% ಐಆರ್ ತಡೆ" ಅಂತ ದೊಡ್ಡದಾಗಿ ಬರೆದಿದ್ದಕ್ಕ ಮರುಳಾಗಬ್ಯಾಡ್ರಿ. ಕೆಲವರು ಅವಕೆಂಪಿನ ಒಂದು ಸಣ್ಣ ತುಂಡನ್ನಷ್ಟೇ ಅಳೆದು ಆ ಅಂಕಿ ಹಾಕಿರ್ತಾರೆ. ನೋಡಬೇಕಾದ್ದು ಟಿಎಸ್‌ಇಆರ್, ಅಂದರೆ ಒಟ್ಟು ಸೌರಶಕ್ತಿಯಲ್ಲಿ ಎಷ್ಟು ತಡೆಯುತ್ತದೆ ಅನ್ನೋ ಅಂಕಿ. ಜೊತೆಗೆ ವಿಎಲ್‌ಟಿ, ಅಂದರೆ ಕಾಣುವ ಬೆಳಕು ಎಷ್ಟು ಪ್ರತಿಶತ ಒಳಗೆ ಬರುತ್ತದೆ ಅನ್ನೋದು. ವಿಎಲ್‌ಟಿ ಕಡಿಮೆ ಇದ್ದಷ್ಟೂ ಗಾಜು ಕಪ್ಪು.

70 ಅಂದರೆ 70 ಅಲ್ಲ

ಬಿ.ಕಾಂ ಓದಿದವನಿಗೂ ತಪ್ಪಿದ ಲೆಕ್ಕ ಇಲ್ಲಿದೆ. "70% ವಿಎಲ್‌ಟಿ ಫಿಲ್ಮ್ ಅಂಟಿಸಿದರೆ 70% ಬೆಳಕು ಬರುತ್ತದೆ" ಅಂತ ನಾವು ತಿಳಿತೀವಿ. ಆದರೆ ಗಾಜೂ ಪೂರ್ತಿ ಬೆಳಕು ಬಿಡಲ್ಲ. ಕಂಪನಿಯಿಂದ ಬರುವ ಕಾರಿನ ಗಾಜಿಗೆ ಸಣ್ಣ ಹಸಿರು ಛಾಯೆ ಇರುತ್ತದಲ್ಲ? ಉದಾಹರಣೆಗೆ ಗಾಜು 75% ಬೆಳಕು ಬಿಡುತ್ತದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 70% ಫಿಲ್ಮ್ ಹಾಕಿದರೆ 0.75 ಗುಣಿಲೆ 0.70. ಉತ್ತರ 52.5%. ಅದೇ ಗಾಜಿಗೆ 20% ಫಿಲ್ಮ್ ಹಾಕಿದರೆ ಉಳಿಯೋದು ಬರೀ 15%. ನಾನು ಆ ರಾತ್ರಿ ಗಾಡಿ ಓಡಿಸಿದ್ದು ಇಂಥ ಗಾಜಿನ ಹಿಂದೆ ಕುಂತು.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಇದೆ. ಅದರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70%, ಬದಿಯ ಗಾಜು ಕನಿಷ್ಠ 50% ಬೆಳಕು ಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ, ಗಾಜು ತಯಾರಾಗುವಾಗಲೇ ಈ ಪ್ರಮಾಣ ಇರಬೇಕು, ಆಮೇಲೆ ಎಷ್ಟೇ ತಿಳಿಯಾದ ಫಿಲ್ಮ್ ಆದರೂ ಅಂಟಿಸುವಂತಿಲ್ಲ ಎಂದಿತು. 2021ರ ಏಪ್ರಿಲ್ 1ರಿಂದ ನಿಯಮದಲ್ಲಿ ಸೇಫ್ಟಿ ಗ್ಲಾಸ್ ಜೊತೆ 'ಸೇಫ್ಟಿ ಗ್ಲೇಜಿಂಗ್' ಅನ್ನೋದೂ ಸೇರಿತು. ಇದನ್ನೇ ಆಧರಿಸಿ 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ನಿಗದಿತ ಪ್ರಮಾಣದೊಳಗೆ ಇದ್ದರೆ ಅಂಥ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು ಹೇಳಿತು.

ಆದರೆ ಅದು ಕೇರಳದ ತೀರ್ಪು. ಅದರ ಸುದ್ದಿ ಮೊಬೈಲ್‌ನಾಗ ತೋರಿಸಿ ನಮ್ಮ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ವಾದ ಮಾಡಿದರೆ ಕೆಲಸ ಆಗ್ತದ ಅಂತ ನಾ ಹೇಳಲ್ಲ. ಆ ತೀರ್ಪಿನಲ್ಲೂ 70, 50ರ ಗಡಿ ಹಾಗೇ ಇದೆ ಅನ್ನೋದು ನೆನಪಿರಲಿ. ಈಗಷ್ಟೇ ಮಾಡಿದ ಗುಣಾಕಾರ ನೋಡಿದರೆ ಮುಂದಿನ ಗಾಜಿಗೆ ಇದು ಹೊಂದೋದು ಬಹಳ ಕಷ್ಟ.

ಈಗ ಬೋಟಿನ ಮಾತು. ಸಮುದ್ರದಲ್ಲಿ ಹಡಗುಗಳ ಸುರಕ್ಷತೆಗೆ 'ಸೋಲಾಸ್' ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. 1998ರ ಜುಲೈ 1ರ ನಂತರ ಕಟ್ಟಿದ, 55 ಮೀಟರ್ ಅಥವಾ ಅದಕ್ಕಿಂತ ಉದ್ದದ ಹಡಗುಗಳ ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಣ್ಣದ ಗಾಜು ಹಾಕಬಾರದು ಎಂದು ಅದರ ಐದನೇ ಅಧ್ಯಾಯದ 22ನೇ ನಿಯಮ ಹೇಳುತ್ತದೆ. ಮೀನು ಹಿಡಿಯುವ ಬೋಟು ಅಷ್ಟು ಉದ್ದ ಇರಲ್ಲ ಖರೇ. ಆದರೆ ಕಾರಣ ಅದೇ. ರಾತ್ರಿ ಸಮುದ್ರದಾಗ ಲೈಟ್ ಇಲ್ಲದ ಸಣ್ಣ ದೋಣಿ, ಬಲೆಯ ತೇಲು ಕಾಣಬೇಕು. ಅಲ್ಲಿ ದೋಣಿ, ಇಲ್ಲಿ ಹೊಟ್ಟಿನ ಟ್ರೇಲರ್, ಅಷ್ಟೇ ವ್ಯತ್ಯಾಸ.

ಹಾಗಾದ್ರ ಮಲ್ಪೆಯ ಗೆಳೆಯರಿಗೆ ನನ್ನ ಉತ್ತರ: ಮುಂದಿನ ಗಾಜು ಬಿಟ್ಟುಬಿಡ್ರಿ. ಕ್ಯಾಬಿನ್‌ನ ಬದಿ ಮತ್ತು ಹಿಂದಿನ ಕಿಟಕಿಗೆ ತಿಳಿಯಾದ, ಬಿಸಿ ತಡೆಯುವ ಫಿಲ್ಮ್ ಹಾಕ್ರಿ. ಅದಕ್ಕೂ ಮೊದಲು ಅದು ಗಾಜೋ ಪ್ಲಾಸ್ಟಿಕ್ಕೋ ನೋಡ್ರಿ. ಎಷ್ಟೋ ಬೋಟುಗಳಿಗೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆ ಇರುತ್ತದೆ. ಉಗುರಿನಿಂದ ತಟ್ಟಿದರೆ ಗಾಜು ಠಣ್ ಅಂತದ, ಪ್ಲಾಸ್ಟಿಕ್ ಡಬ್ ಅಂತದ. ಬಿಸಿಲಿಗೆ ಪ್ಲಾಸ್ಟಿಕ್ ಒಳಗಿನ ತೇವ, ಅನಿಲ ಹೊರಗೆ ಬಿಡುತ್ತದೆ. ಗಾಜಿಗೆ ಅಂತ ಮಾಡಿದ ಫಿಲ್ಮ್ ಅದರ ಮೇಲೆ ಗುಳ್ಳೆ ಗುಳ್ಳೆ ಏಳುತ್ತದೆ.

ನಾವೇ ಅಂಟಿಸೋದು ಹೆಂಗ?

ಕೆಲಸ ಕಲಿಯೋಕೆ ಎಲ್ಲಕ್ಕಿಂತ ಛಲೋ ಗಾಜು ಅಂದ್ರ ಮನಿ ಕಿಟಕಿ. ಸಪಾಟ ಇರುತ್ತದೆ, ಪೊಲೀಸರ ಭಯ ಇಲ್ಲ. ನಾನು ಆಮ್ಯಾಲೆ ಈ ರೆಕಾರ್ಡಿಂಗ್ ರೂಮಿನ ಒಂದು ಕಿಟಕಿಗೆ ಹಾಕಿದೆ, ನೆಟ್ಟಗ ಬಂತು. ಇವತ್ತು ಮುಖಕ್ಕ ಹೊಡೀತಿರೋದು ಉಳಿದ ಇನ್ನೊಂದು.

ಮೊದಲ ಶತ್ರು ಧೂಳು. ನಮ್ಮ ಎರಿ ಹೊಲದ ಧೂಳು ಗಾಳಿ ಬಂದ್ರ ಎಲ್ಲಿ ಬೇಕಾದಲ್ಲಿ ಕೂಡ್ತದ. ಗಾಳಿ ಇಲ್ಲದ ಮುಂಜಾನೆ ಹೊತ್ತು ಹಿಡೀರಿ, ಫ್ಯಾನ್ ಬಂದ್ ಮಾಡ್ರಿ, ನೆಲಕ್ಕ ನೀರು ಚಿಮುಕಿಸ್ರಿ. ಎರಡನೇ ಶತ್ರು ಬೋರ್‌ವೆಲ್ ನೀರು. ನಮ್ಮ ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಅದು ಫಿಲ್ಮ್ ಒಳಗೆ ಸಿಕ್ಕರೆ ತೆಗೆಯೋಕೆ ಬರಲ್ಲ. ಊರಿನ ಶುದ್ಧ ನೀರಿನ ಘಟಕದ ನೀರು ತಗೊಳ್ರಿ. ಅದಕ್ಕ ನಾಲ್ಕೈದು ಹನಿ ಬೇಬಿ ಶ್ಯಾಂಪೂ ಹಾಕಿ ಸ್ಪ್ರೇ ಬಾಟ್ಲಿಗೆ ತುಂಬ್ರಿ.

ಗಾಜಿನ ಒಳಮೈಯನ್ನು ಇದೇ ನೀರಿನಿಂದ ಎರಡು ಸಲ ತೊಳೆದು, ಅಂಟಿದ್ದನ್ನು ಬ್ಲೇಡ್‌ನಿಂದ ಕೆರೆದು, ರಬ್ಬರ್ ವೈಪರ್‌ನಿಂದ ಎಳೆಯಿರಿ. ಬಟ್ಟೆ ಬೇಡ, ಅದರ ಎಳೆ ಉಳಿಯುತ್ತದೆ. ಫಿಲ್ಮ್‌ಅನ್ನು ಗಾಜಿಗಿಂತ ಒಂದಿಂಚು ದೊಡ್ಡದಾಗಿ ಕತ್ತರಿಸಿ. ಹಿಂದಿನ ತೆಳು ಹಾಳೆ ಬಿಡಿಸುವಾಗ ಒಬ್ಬರು ಹಿಡಿಯಬೇಕು, ಒಬ್ಬರು ಅಂಟಿನ ಬದಿಗೆ ನೀರು ಸ್ಪ್ರೇ ಮಾಡ್ತಾ ಹೋಗಬೇಕು. ಗಾಜಿಗೂ ಧಾರಾಳ ಹೊಡೆಯಿರಿ. ನೀರು ಇರೋ ತನಕ ಫಿಲ್ಮ್ ಜಾರುತ್ತದೆ, ಸರಿಯಾಗಿ ಕೂರಿಸಬಹುದು. ಆಮೇಲೆ ನಡುವಿನಿಂದ ಅಂಚಿನ ಕಡೆ ವೈಪರ್ ಒತ್ತಿ ನೀರು ಹೊರಗೆ ತಳ್ಳಿ. ಸುತ್ತ ಎರಡು ಮಿಲಿಮೀಟರ್ ಬಿಟ್ಟು ಹೊಸ ಬ್ಲೇಡ್‌ನಿಂದ ಅಂಚು ಕತ್ತರಿಸಿ. ಅಂಚಿಗೆ ತಾಗಿದರೆ ಅಲ್ಲಿಂದಲೇ ಏಳೋಕೆ ಶುರು ಆಗುತ್ತದೆ.

ಬಾಗಿದ ಗಾಜಿಗೆ ಕೆಲಸ ಬೇರೆ. ಸಪಾಟ ಹಾಳೆ ಬಾಗಿದ ಮೈಗೆ ಕೂರಲ್ಲ, ನೆರಿಗೆ ಬೀಳುತ್ತದೆ. ಅದನ್ನು ಮೊದಲು ಗಾಜಿನ ಹೊರಮೈ ಮೇಲೆ ಹರಡಿ, ಹೀಟ್ ಗನ್ ಬಿಸಿಯಿಂದ ಕುಗ್ಗಿಸಿ ಆಕಾರ ತರಿಸಿ, ಆಮೇಲೆ ಒಳಗೆ ಅಂಟಿಸಬೇಕು. ಬಿಸಿ ಒಂದೇ ಕಡೆ ಹೆಚ್ಚಾದರೆ ಫಿಲ್ಮ್ ಮುದುಡುತ್ತದೆ, ಗಾಜೂ ಸೀಳಬಹುದು. ಹತ್ತು ನಿಮಿಷದ ವಿಡಿಯೊದಾಗ ಕಾಣದ ಭಾಗ ಇದೇ ನೋಡ್ರಿ.

ಅಂಟಿಸಿದ ಮೇಲೆ ಮಂಜು ಮಂಜಾಗಿ ಕಂಡರೆ ಗಾಬರಿ ಬೇಡ, ಒಳಗಿನ ನೀರು ಆರೋಕೆ ಮೂರ್ನಾಲ್ಕು ವಾರ ಬೇಕಾಗಬಹುದು. ಆ ತನಕ ತಿಕ್ಕಬೇಡಿ. ಆಮೇಲೂ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಳಸಬೇಡಿ. ಇನ್ನೊಂದು ಎಚ್ಚರಿಕೆ: ಮನೆಯ ಸಾದಾ ಗಾಜಿಗೆ ತೀರಾ ಕಪ್ಪು ಫಿಲ್ಮ್ ಹಾಕಿದರೆ, ನಡುವೆ ಕಾದು ಅಂಚು ತಣ್ಣಗೇ ಉಳಿದು ಗಾಜು ಸೀಳು ಬಿಡಬಹುದು. ಇಲ್ಲೂ ತಿಳಿ ಫಿಲ್ಮೇ ಛಲೋ.

ಮತ್ತ ಕಾರಿನ ಬಿಸಿಗೆ ಏನು ಮಾಡೋದು?

ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಹೊಳೆಯುವ ಸನ್‌ಶೇಡ್ ಇಡ್ರಿ, ಹೊರಡುವಾಗ ತೆಗೀರಿ. ಬೇವಿನ ಗಿಡದ ನೆರಳು ಹುಡುಕ್ರಿ. ಹತ್ತಿದ ಕೂಡಲೇ ಎರಡು ನಿಮಿಷ ಕಿಟಕಿ ತೆರೆದು ಬಿಸಿ ಗಾಳಿ ಹೊರಗೆ ಬಿಟ್ಟು ಆಮೇಲೆ ಎಸಿ ಹಾಕ್ರಿ. ಇನ್ನೊಂದು ಸಮಾಧಾನದ ವಿಷಯ: ಕಾರಿನ ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು. ಆ ಪದರವೇ ಅಲ್ಟ್ರಾವಯಲೆಟ್‌ನ ಬಹುಪಾಲನ್ನು ತಡೆಯುತ್ತದೆ.

ಮಾಮಾನ ಕಾರು ಈಗ ಬೇವಿನ ಗಿಡದ ಬುಡಕ್ಕ ನಿಲ್ಲತೈತಿ. ಮುಂದಿನ ಗಾಜಿನ ಒಂದು ಮೂಲ್ಯಾಗ ಹಳೆ ಫಿಲ್ಮಿನ ಅಂಟು ಇನ್ನೂ ಸ್ವಲ್ಪ ಉಳಿದೈತಿ. ಬಿಸಿ ನೀರು, ಸೋಪು, ಬ್ಲೇಡು ಎಲ್ಲಾ ಹಾಕಿ ನೋಡೀನಿ, ಪೂರ್ತಿ ಹೋಗವಲ್ದು. ರಾತ್ರಿ ಗಾಡಿ ತೆಗೆಯುವಾಗ ಮಾಮಾ ಆ ಕಲೆಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡ್ತಾನ, ಏನೂ ಅನ್ನಂಗಿಲ್ಲ.

ನೀವೂ ಹಿಂಗ ಏನಾರ ಅಂಟಿಸಿ ಕಿತ್ತಿದ್ರ ವಾಯ್ಸ್ ಮೆಸೇಜ್ ಕಳಿಸ್ರಿ. ಬರ್ತೀನ್ರಿ, ಫ್ಯಾನ್ ಹಾಕ್ಕೊಂತೀನಿ.