ಎಳೆಯ ದಿನಗಳ ಮದ್ದು, ಬೆಳೆದ ಮೇಲೆ ಕಾವಲು?

ಮಕ್ಕಳೇ, ಸಕ್ಕರೆ ಕಾಯಿಲೆ, ಬೊಜ್ಜು, ಹೃದ್ರೋಗ ಇವೆಲ್ಲ ದೊಡ್ಡವರಿಗೆ ಬರುವ ಕಾಯಿಲೆಗಳೆಂದು ಕೇಳಿದ್ದೀರಿ. ಇವುಗಳ ಬೇರು ನಾವು ಹುಟ್ಟುವ ಮೊದಲೇ ಇರಬಹುದು ಎಂದರೆ ನಂಬುತ್ತೀರಾ?

ತಿಂದ ಆಹಾರದಿಂದ ದೇಹವು ಶಕ್ತಿ ಪಡೆಯುತ್ತದೆ, ಮಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುತ್ತದೆ. ಇಂತಹ ಕೆಲಸಗಳಿಗೆ ಚಯಾಪಚಯ ಎಂದು ಹೆಸರು. ಇದು ಏರುಪೇರಾದಾಗ ಈ ಕಾಯಿಲೆಗಳು ಬರಬಹುದು.

ತೂಕ ಹೇಳಿದ ಕಥೆ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ ದಾದಿಯರು ಶಿಶುಗಳ ತೂಕವನ್ನು ಬರೆದಿಡುತ್ತಿದ್ದರು. ಆ ಶಿಶುಗಳು ಅರವತ್ತು ದಾಟಿದ ಮೇಲೆ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಅವರನ್ನು ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದು 1991ರಲ್ಲಿ ತಿಳಿಸಿದರು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲೂ 1934ರಿಂದ ಇಂತಹ ದಾಖಲೆಗಳಿದ್ದವು. ಅಲ್ಲಿ ಹುಟ್ಟಿದ್ದ 517 ಮಂದಿಯ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು.

ಹೀಗೇಕೆ? ಈ ಸಲ ಮಳೆ ಕಡಿಮೆ ಎಂದು ಎಣಿಸಿ ರೈತ ಹುರುಳಿ ಬಿತ್ತುತ್ತಾನೆ. ಆಮೇಲೆ ಮಳೆ ಎಡೆಬಿಡದೆ ಸುರಿದರೆ ಬೆಳೆ ಕೊಳೆಯುತ್ತದೆ. ತಾಯಿಗೆ ಆಹಾರ ಸಾಲದಿದ್ದಾಗ ಗರ್ಭದಲ್ಲಿರುವ ಮಗುವಿನ ದೇಹವೂ 'ಮುಂದೆ ಬರಗಾಲ' ಎಂಬಂತೆ ಅಣಿಯಾಗುತ್ತದೆ. ಸಿಕ್ಕಿದ್ದನ್ನೆಲ್ಲ ಕೂಡಿಡುವುದನ್ನು ಕಲಿಯುತ್ತದೆ. ಮುಂದೆ ಊಟ ಹೇರಳವಾದರೆ ಅದೇ ಗುಣ ತೊಂದರೆ ಕೊಡುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ಇಲಿಮರಿಗಳಿಗೆ ಮದ್ದು

ಈ ತಪ್ಪು ಎಣಿಕೆಯನ್ನು ಎಳವೆಯಲ್ಲೇ ತಿದ್ದಬಹುದೇ? ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮಾರ್ಕ್ ವಿಕರ್ಸ್, ಪೀಟರ್ ಗ್ಲಕ್‌ಮನ್ ಮುಂತಾದವರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಗರ್ಭಿಣಿ ಇಲಿಗಳಿಗೆ ಎಂದಿನ ಆಹಾರದಲ್ಲಿ ಶೇ. 30ರಷ್ಟನ್ನು ಮಾತ್ರ ಕೊಟ್ಟರು. ಹುಟ್ಟಿದ ಕೆಲವು ಹೆಣ್ಣು ಮರಿಗಳಿಗೆ 3ನೇ ದಿನದಿಂದ 13ನೇ ದಿನದವರೆಗೆ ಲೆಪ್ಟಿನ್ ಎಂಬ ಹಾರ್ಮೋನು ಚುಚ್ಚಿದರು. ಲೆಪ್ಟಿನ್ ಕೊಬ್ಬಿನ ಕೋಶಗಳಲ್ಲಿ ಹುಟ್ಟಿ, ಮಿದುಳಿಗೆ 'ಸಾಕು' ಎಂಬ ಸುದ್ದಿ ಮುಟ್ಟಿಸುತ್ತದೆ.

ಮರಿಗಳು ಬೆಳೆದ ಮೇಲೆ ಕೊಬ್ಬಿನ ಆಹಾರ ಕೊಟ್ಟರು. ಮದ್ದು ಪಡೆಯದವು ಬೊಜ್ಜು ಬೆಳೆಸಿಕೊಂಡವು. ಮದ್ದು ಪಡೆದವು, ಚೆನ್ನಾಗಿ ಉಂಡ ತಾಯಿಯ ಮರಿಗಳಂತೆಯೇ ಇದ್ದವು! ಈ ಫಲಿತಾಂಶ 2005ರಲ್ಲಿ ಪ್ರಕಟವಾಯಿತು.

ಹಾಗಾದರೆ ನಮಗೂ ಕೊಡಬಹುದೇ?

ಅವಸರ ಬೇಡ. 2008ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ತಿಳಿಸಿತು. ಚೆನ್ನಾಗಿ ಉಂಡ ತಾಯಿಯ ಗಂಡು ಮರಿಗಳಿಗೆ ಲೆಪ್ಟಿನ್ ಕೊಟ್ಟಾಗ, ಕೊಬ್ಬಿನ ಆಹಾರದಿಂದ ಅವುಗಳ ತೂಕ ಮತ್ತಷ್ಟು ಏರಿತು. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಕೇಡಾಗಬಹುದು. ಇಲಿಮರಿಯ ಮಿದುಳಿನಲ್ಲಿ ಹಸಿವಿನ ನರಗಳ ಜೋಡಣೆ ಹುಟ್ಟಿದ ಮೇಲೆ ನಡೆಯುತ್ತದೆ. ಮನುಷ್ಯರಲ್ಲಿ ಅದು ಬಹುಮಟ್ಟಿಗೆ ಗರ್ಭದಲ್ಲೇ ಮುಗಿದಿರುತ್ತದೆ. ಆದ್ದರಿಂದ ಕಾಯಿಲೆ ತಡೆಯಲೆಂದು ಶಿಶುಗಳಿಗೆ ಈ ಮದ್ದನ್ನು ಕೊಡುವುದಿಲ್ಲ.

ಸದ್ಯಕ್ಕೆ ನಮ್ಮ ಕೈಯಲ್ಲಿರುವ ದಾರಿ ಬೇರೆ. ಗರ್ಭಿಣಿಯರಿಗೆ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಸಿಗಬೇಕು. ಕಬ್ಬಿಣಾಂಶದ ಮಾತ್ರೆ, ವಿಶ್ರಾಂತಿ ಬೇಕು. ಮಗುವಿಗೆ ಎದೆಹಾಲು ಬೇಕು.

ಹುಟ್ಟಿದಾಗ ನಿಮ್ಮ ತೂಕ ಎಷ್ಟಿತ್ತು? ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ನೋಡಿ. ಎರಡೂವರೆ ಕಿಲೋಗಿಂತ ಕಡಿಮೆಯೇ? ಹೆದರಬೇಡಿ. ಕಾಯಿಲೆ ಬಂದೇ ತೀರುತ್ತದೆ ಎಂದೇನೂ ಅಲ್ಲ. ಹಿತಮಿತ ಊಟ, ದಿನವೂ ಆಟ ಎಲ್ಲರಿಗೂ ಒಳ್ಳೆಯದು. ನಿಮಗೆ ಇನ್ನೂ ಒಳ್ಳೆಯದು.