ಮೂಲೆ ಸೇರಿದ ವ್ಯಾಯಾಮದ ಸೈಕಲ್: ದೋಷ ಪತ್ತೆ ಹೇಗೆ?

ಕೊಂಡ ಕೆಲವು ವರ್ಷಗಳಲ್ಲೇ ಮೂಲೆ ಸೇರಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗಿಬಿಟ್ಟ ವ್ಯಾಯಾಮದ ಸೈಕಲ್ಲನ್ನು ನೀವು ನೋಡಿರಬಹುದು. ಅದರ ಮೇಲಿನ ದೂರುಗಳು ಸಾಮಾನ್ಯವಾಗಿ ಮೂರು: ಮೀಟರ್ ಓಡುವುದಿಲ್ಲ, ಗುಂಡಿ ತಿರುಗಿಸಿದರೂ ಬಿಗಿಯಾಗುವುದಿಲ್ಲ, ತುಳಿದರೆ ಸದ್ದು. ಗುಜರಿಗೆ ಹಾಕುವ ಮುನ್ನ ಪರೀಕ್ಷಿಸಿ ನೋಡಿ. ಎಷ್ಟೋ ಸಲ ಕೆಟ್ಟಿರುವುದು ಒಂದು ಅಗ್ಗದ ಭಾಗ ಮಾತ್ರ.

ಮೊದಲು ರಚನೆ ತಿಳಿಯೋಣ. ಪೆಡಲ್ ತುಳಿದಾಗ ದೊಡ್ಡ ರಾಟೆ ತಿರುಗುತ್ತದೆ. ಬೆಲ್ಟಿನ ಮೂಲಕ ಅದು ಸಣ್ಣ ರಾಟೆಯನ್ನೂ ಅದಕ್ಕೆ ಜೋಡಿಸಿದ ಭಾರವಾದ ಫ್ಲೈವೀಲನ್ನೂ ವೇಗವಾಗಿ ತಿರುಗಿಸುತ್ತದೆ. ಕಾಂತೀಯ ಮಾದರಿಯ ಸೈಕಲ್ಲಿನಲ್ಲಿ ಫ್ಲೈವೀಲಿನ ಅಂಚಿನ ಬಳಿ, ಅದಕ್ಕೆ ತಾಗದಂತೆ, ಕಾಂತಗಳ ಸಾಲೊಂದಿರುತ್ತದೆ. ಚಲಿಸುವ ಲೋಹದಲ್ಲಿ ಇವು ಸುಳಿ ವಿದ್ಯುತ್ ಪ್ರವಾಹವನ್ನು ಪ್ರೇರಿಸುತ್ತವೆ. ಲೆನ್ಜ್ ನಿಯಮದಂತೆ ಈ ಪ್ರವಾಹ ತನ್ನ ಹುಟ್ಟಿಗೆ ಕಾರಣವಾದ ಚಲನೆಯನ್ನೇ ವಿರೋಧಿಸುತ್ತದೆ. 1855ರಲ್ಲಿ ಫ್ರಾನ್ಸಿನ ಫೂಕೋ, ಕಾಂತಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಲು ಹೆಚ್ಚು ಬಲ ಬೇಕೆಂದೂ ತಟ್ಟೆ ಬಿಸಿಯಾಗುತ್ತದೆಂದೂ ಕಂಡುಕೊಂಡರು. ನಿಮ್ಮ ಶ್ರಮವೂ ಇಲ್ಲಿ ಕೊನೆಗೆ ಉಷ್ಣವಾಗುತ್ತದೆ.

ಮೀಟರ್ ಓಡದಿದ್ದರೆ

ಮೊದಲು ಹೊಸ ಸೆಲ್ ಹಾಕಿ. ಹಳೆಯ ಆಲ್ಕಲೈನ್ ಸೆಲ್ ಸೋರಿ ಲೋಹದ ಪಟ್ಟಿಯ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಪ್ರತ್ಯಾಮ್ಲೀಯ; ಕೈಗೆ ತಾಗಿಸಬೇಡಿ. ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ನಂತರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಅಂಕಿಗಳು ಮೂಡಿದರೂ ವೇಗ ಸೊನ್ನೆಯೇ? ದೊಡ್ಡ ರಾಟೆಯ ಮೇಲೆ ಒಂದು ಪುಟ್ಟ ಕಾಂತ, ಎದುರಿಗೆ ಚೌಕಟ್ಟಿನ ಮೇಲೆ ರೀಡ್ ಸ್ವಿಚ್ ಇರುತ್ತದೆ. ಇದು ಗಾಜಿನ ಕೊಳವೆಯೊಳಗಿನ ಎರಡು ತೆಳು ಲೋಹಪಟ್ಟಿಗಳು. ಕಾಂತ ಹತ್ತಿರ ಬಂದಾಗ ಪಟ್ಟಿಗಳ ತುದಿಗಳಲ್ಲಿ ವಿರುದ್ಧ ಧ್ರುವಗಳು ಉಂಟಾಗಿ ಅವು ಕೂಡಿಕೊಳ್ಳುತ್ತವೆ. ಸ್ವಿಚ್ಚಿನ ತಂತಿಯನ್ನು ಮೀಟರಿನಿಂದ ಕಳಚಿ ಮಲ್ಟಿಮೀಟರಿಗೆ ಜೋಡಿಸಿ, ಪೆಡಲನ್ನು ನಿಧಾನವಾಗಿ ಸುತ್ತಿ. ಸುತ್ತಿಗೊಮ್ಮೆ ಮಂಡಲ ಪೂರ್ಣಗೊಂಡರೆ ಸ್ವಿಚ್, ತಂತಿ ಸರಿಯಿವೆ, ದೋಷ ಮೀಟರಿನಲ್ಲಿದೆ. ಹಾಗಾಗದಿದ್ದರೆ ಕಾಂತ ಕಳಚಿ ಬಿದ್ದಿದೆಯೇ, ಅಂತರ ಹೆಚ್ಚಾಗಿದೆಯೇ, ತಂತಿ ತುಂಡಾಗಿದೆಯೇ ನೋಡಿ. ಬೇರೊಂದು ಕಾಂತವನ್ನು ಸ್ವಿಚ್ಚಿನ ಬಳಿಗೆ ಹಿಡಿದರೂ ಸಂಪರ್ಕವಾಗದಿದ್ದರೆ ಸ್ವಿಚ್ ಅಥವಾ ತಂತಿ ಬದಲಿಸಬೇಕು.

ಬಿಗಿಯಾಗದಿದ್ದರೆ

ಕಾಂತಗಳ ಶಕ್ತಿ ಕುಂದಿದೆ ಎಂದು ಹಲವರು ಭಾವಿಸುತ್ತಾರೆ. ಮನೆಯ ಬಳಕೆಯಲ್ಲಿ ಅದು ಅಪರೂಪ. ಗುಂಡಿ ತಿರುಗಿಸಿದಾಗ ಒಂದು ಉಕ್ಕಿನ ಕೇಬಲ್ ಕಾಂತಗಳನ್ನು ಫ್ಲೈವೀಲಿನ ಹತ್ತಿರಕ್ಕೆ ತರುತ್ತದೆ. ಮುಚ್ಚಳ ತೆಗೆದು, ಗುಂಡಿ ತಿರುಗಿಸುತ್ತಾ ಕಾಂತಗಳು ಸರಿಯುತ್ತವೆಯೇ ಗಮನಿಸಿ. ಸರಿಯದಿದ್ದರೆ ಕೇಬಲ್ ಹರಿದಿದೆ ಅಥವಾ ಕೊಕ್ಕೆಯಿಂದ ಕಳಚಿದೆ. ಕಾಂತಗಳು ಸರಿದರೂ ಜೋರಾಗಿ ತುಳಿದಾಗ ಪೆಡಲ್ ಜಾರಿದಂತಾದರೆ ಬೆಲ್ಟ್ ಸಡಿಲವಾಗಿದೆ.

ಸದ್ದು ಬಂದರೆ

ಸದ್ದನ್ನು ಎಣಿಸಿ! ಪೆಡಲಿನ ಒಂದು ಸುತ್ತಿಗೆ ಒಂದೇ ಸಲ 'ಟಕ್' ಎಂದರೆ ಪೆಡಲ್ ಇಲ್ಲವೇ ಕ್ರ್ಯಾಂಕನ್ನು ಮೊದಲು ನೋಡಿ. ದೊಡ್ಡ ರಾಟೆಯ ವ್ಯಾಸ 24 ಸೆ.ಮೀ., ಸಣ್ಣದರದು 4 ಸೆ.ಮೀ. ಆಗಿದ್ದರೆ ಫ್ಲೈವೀಲ್ 6 ಸುತ್ತು ಸುತ್ತುತ್ತದೆ. ಆರು ಸಲ ಸದ್ದಾದರೆ ದೋಷವಿರುವುದು ಫ್ಲೈವೀಲಿನ ಕಡೆ. ಸಡಿಲವಾದ ಕ್ರ್ಯಾಂಕನ್ನು ತಕ್ಷಣ ಬಿಗಿ ಮಾಡಿ. ಹಾಗೆಯೇ ತುಳಿದರೆ ಅದರ ರಂಧ್ರ ಸವೆದು ಹಾಳಾಗುತ್ತದೆ. ಎಡ ಪೆಡಲಿನ ಮರೆ ತಿರುವು ಉಲ್ಟಾ ಎಂಬುದು ನೆನಪಿರಲಿ. ಅದನ್ನು ಬಿಗಿ ಮಾಡಲು ಅಪ್ರದಕ್ಷಿಣವಾಗಿ ತಿರುಗಿಸಬೇಕು.

ಕೆಲವು ಎಚ್ಚರಿಕೆಗಳು: ಮುಚ್ಚಳ ತೆಗೆದಿರುವಾಗ ಮಕ್ಕಳನ್ನು ದೂರವಿಡಿ. ತುಳಿಯುವುದು ನಿಂತರೂ ಫ್ಲೈವೀಲ್ ಜಡತ್ವದಿಂದ ತಿರುಗುತ್ತಿರುತ್ತದೆ. ಬೆರಳು ಸಿಕ್ಕಿದರೆ ಅಪಾಯ. ಸೀಟಿನ ಕಂಬದಲ್ಲಿ ಅಥವಾ ಬೆಸುಗೆಯಲ್ಲಿ ಬಿರುಕು ಕಂಡರೆ ಆ ಸೈಕಲ್ಲನ್ನು ಬಳಸಬೇಡಿ. ಇಲ್ಲಿ ಹೇಳಿದ್ದೆಲ್ಲ ಸೆಲ್ಲಿನಿಂದ ನಡೆಯುವ ಸೈಕಲ್ಲಿಗೆ ಮಾತ್ರ. ಟ್ರೆಡ್‌ಮಿಲ್ಲಿನ ಪ್ಲಗ್ ಕಿತ್ತರೂ ಅದರ ಕೆಪ್ಯಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರಬಹುದು. ಅದನ್ನು ನುರಿತವರಿಗೇ ಬಿಡಿ.

ಶಿಕ್ಷಕರು ಇಂಥ ಸೈಕಲ್ಲೊಂದನ್ನು ತರಗತಿಗೆ ತಂದು ನೋಡಬಹುದು. ಒಮ್ಮೆಗೆ ಒಂದನ್ನೇ ಬದಲಿಸಿ, ಪರಿಣಾಮ ಗಮನಿಸಿ, ಮುಂದಿನದಕ್ಕೆ ಹೋಗುವುದು ರಿಪೇರಿಯ ಕ್ರಮ. ಪ್ರಯೋಗದ ಕ್ರಮವೂ ಅದೇ.