ಮ್ಯಾಕ್ರೊ ಕೆಟ್ಟಿಲ್ಲ ಸ್ವಾಮಿ

ಕಚೇರಿಯ ಕಂಪ್ಯೂಟರುಗಳಿಗೆ ಹೊಸ ಎಕ್ಸೆಲ್ ಬಂದ ಮರುದಿನ ಸಂಬಳದ ಶೀಟಿನ ಗುಂಡಿ ಒತ್ತಿದರೆ ಕೆಲಸ ನಡೆಯುವುದಿಲ್ಲ. ಕಾಫಿ ಬರುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ: "ಮ್ಯಾಕ್ರೊ ಕರಪ್ಟ್ ಆಗಿದೆ ಸಾರ್, ಮತ್ತೆ ಮೊದಲಿಂದ ಬರೆಸ್ಬೇಕು." ಕೋಡನ್ನು ತೆರೆದು ನೋಡಿದವರು ಯಾರೂ ಇಲ್ಲ. ಪರದೆಯ ಮೇಲೆ ಬಂದ ಸಂದೇಶ ಓದಿದವರೂ ಇಲ್ಲ. ಬಂದ ಕೂಡಲೇ ಓಕೆ ಒತ್ತಿ ಅದನ್ನು ಸಾಗಹಾಕುವುದು ನಮ್ಮವರ ಕೈಗೆ ಅಂಟಿಹೋದ ಚಾಳಿ.

ಮ್ಯಾಕ್ರೊ ಹಾಗೆಲ್ಲ ಕೆಡುವುದಿಲ್ಲ. ಅಪ್‌ಗ್ರೇಡ್ ನೀವು ಬರೆದ ಒಂದು ಸಾಲನ್ನೂ ತಿದ್ದುವುದಿಲ್ಲ. ನಿಜವಾಗಿ ಕರಪ್ಟ್ ಆಗುವ ಫೈಲುಗಳೂ ಇವೆ, ಆದರೆ ಅವು ಹೊಸ ಎಕ್ಸೆಲ್ ಬರುವ ಮುಹೂರ್ತಕ್ಕೆ ಕಾದು ಕೂತು ಕೆಡುವುದಿಲ್ಲ. ಬದಲಾಗಿರುವುದು ಮ್ಯಾಕ್ರೊ ಯಾವುದನ್ನು ನೆಚ್ಚಿಕೊಂಡಿತ್ತೋ ಅದು: ಔಟ್‌ಲುಕ್, ಯಾವುದೋ ಕಾಲದ ಓಸಿಎಕ್ಸ್ ಫೈಲು, ವಿಂಡೋಸಿನ ಡಿಎಲ್‌ಎಲ್, ದಿನಾಂಕದ ಸೆಟ್ಟಿಂಗು.

ಎಕ್ಸೆಲ್ ಕೊಡುವ ದೂರೂ ಜನರನ್ನು ದಾರಿ ತಪ್ಪಿಸುತ್ತದೆ, ಅದನ್ನು ಒಪ್ಪಬೇಕು. ಪೇಸ್ಲಿಪ್ಪುಗಳನ್ನು ಔಟ್‌ಲುಕ್ ಮೂಲಕ ಮೇಲ್ ಮಾಡುವ ಮ್ಯಾಕ್ರೊ ಒಂದಿದೆ ಎನ್ನಿ. ಓಡಿಸಿದರೆ 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ' ಎಂದು ನಿಲ್ಲುತ್ತದೆ. ನಿಂತು ಕೋಡಿನಲ್ಲಿ ಬೊಟ್ಟು ಮಾಡುವುದು ಎಲ್ಲಿಗೆ? 'ಟ್ರಿಮ್' ಎಂಬ ಪದಕ್ಕೆ. ಹೆಸರಿನ ಹಿಂದುಮುಂದಿನ ಖಾಲಿ ಜಾಗ ಕತ್ತರಿಸುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಬಡಪಾಯಿ ಫಂಕ್ಷನ್ ಅದು. 1993ರಲ್ಲಿ ಎಕ್ಸೆಲ್ 5 ಜತೆ ಮ್ಯಾಕ್ರೊ ಬರೆಯುವ ಭಾಷೆ ವಿಬಿಎ ಬಂದಾಗಿನಿಂದ ಒಂದೇ ಕೆಲಸ ಮಾಡಿಕೊಂಡು ಬಂದಿದೆ. "ಟ್ರಿಮ್ಮೇ ಓಡ್ತಿಲ್ಲ ಅಂದ್ಮೇಲೆ ಫೈಲು ಪೂರ್ತಿ ಹೋಗಿದೆ ಬಿಡಿ" ಎಂದು ಎಲ್ಲರೂ ಕೈಚೆಲ್ಲುತ್ತಾರೆ. ಇನ್ನೂ ಶ್ರದ್ಧೆಯುಳ್ಳವರು ಆ ಸಾಲನ್ನು ಅಳಿಸಿ, ಅದೇ ಸಾಲನ್ನು ಅಕ್ಷರ ತಪ್ಪದೆ ಮತ್ತೆ ಟೈಪ್ ಮಾಡುತ್ತಾರೆ.

ನೋಡಬೇಕಾದ್ದು ಕೋಡಿನ ಕಿಟಕಿಯಲ್ಲಿರುವ ಟೂಲ್ಸ್ ಮೆನುವಿನ ರೆಫರೆನ್ಸಸ್. (ಮ್ಯಾಕ್ರೊ ಅರ್ಧಕ್ಕೆ ನಿಂತಿರುವಾಗ ಅದು ಮಂಕಾಗಿರುತ್ತದೆ, ಮೊದಲು ರೀಸೆಟ್ ಒತ್ತಬೇಕು. ಇಷ್ಟು ತಿಳಿಯದೆ 'ಆ ಆಪ್ಷನ್ನೇ ನಮ್ಮ ವರ್ಷನ್ನಲ್ಲಿಲ್ಲ' ಎಂದು ಎದ್ದುಹೋದವರಿದ್ದಾರೆ.) ಟಿಕ್ ಆಗಿರುವ ಹೆಸರುಗಳಲ್ಲಿ ಒಂದರ ಮುಂದೆ 'ಮಿಸ್ಸಿಂಗ್' ಎಂದಿರುತ್ತದೆ. ಕಳ್ಳ ಅವನೇ. ಪಟ್ಟಿಯಲ್ಲಿ ಒಂದು ಲೈಬ್ರರಿ ನಾಪತ್ತೆಯಾದರೆ ಹೆಸರುಗಳನ್ನು ಹುಡುಕುವ ವಿಬಿಎ ಅಲ್ಲೇ ಎಡವುತ್ತದೆ. ಟ್ರಿಮ್, ಲೆಫ್ಟ್, ಡೇಟ್ ಮುಂತಾದ ನಿರಪರಾಧಿಗಳ ಮೇಲೆ ಅಪವಾದ ಬರುತ್ತದೆ.

ಇದಕ್ಕಿಂತ ಸೊಗಸಾದ ಭಾಗ ಮುಂದಿದೆ. ಎಷ್ಟೋ ಸಲ ಅಪ್‌ಗ್ರೇಡ್ ಆದ ಕಂಪ್ಯೂಟರಿನಲ್ಲಿ ಮ್ಯಾಕ್ರೊ ಚೆನ್ನಾಗಿಯೇ ಓಡುತ್ತದೆ, ಯಾರೂ ಮುಟ್ಟದ ಹಳೇ ಕಂಪ್ಯೂಟರಿನಲ್ಲಿ ನಿಲ್ಲುತ್ತದೆ. ಆಗ ಕಚೇರಿಯಲ್ಲಿ ವೈರಸ್ಸಿನ ಗುಲ್ಲು ಏಳುತ್ತದೆ. ಹೊಸ ಮೆಷೀನಿನಿಂದ ಹಳೆಯದಕ್ಕೆ 'ಅಂಟಿದೆ'ಯಂತೆ. ಆಗಿರುವುದು ಇಷ್ಟೇ. ಆಫೀಸ್ 2013ರ ಔಟ್‌ಲುಕ್ ಲೈಬ್ರರಿಯ ಸಂಖ್ಯೆ 15, 2016 ಮತ್ತು ಅದರಾಚೆಯವಕ್ಕೆಲ್ಲ 16. ಹೊಸದರಲ್ಲಿ ಫೈಲು ತೆರೆದು ಸೇವ್ ಮಾಡಿದರೆ ರೆಫರೆನ್ಸ್ ತಾನಾಗಿ 16ಕ್ಕೆ ಏರುತ್ತದೆ. ಅದೇ ಫೈಲನ್ನು ಹಳೇ ಕಂಪ್ಯೂಟರಿನಲ್ಲಿ ತೆರೆದರೆ ಅದು ತಾನಾಗಿ 15ಕ್ಕೆ ಇಳಿಯುವುದಿಲ್ಲ. ಹತ್ತುವುದಕ್ಕೆ ಮೆಟ್ಟಿಲಿದೆ, ಇಳಿಯುವುದಕ್ಕಿಲ್ಲ. ಸರ್ವರಿನಲ್ಲಿ ಒಂದೇ ಫೈಲಿಟ್ಟುಕೊಂಡು ನಾಲ್ಕು ಮೇಜಿನವರು ತೆರೆಯುವ ಕಡೆ ಇದು ತಿಂಗಳಿಗೊಮ್ಮೆ ನಡೆಯುವ ಜಾತ್ರೆ.

ಪರಿಹಾರಕ್ಕೆ ಮ್ಯಾಕ್ರೊ ಮತ್ತೆ ಬರೆಸಬೇಕಿಲ್ಲ. ಔಟ್‌ಲುಕ್ ಎಂದು ಹೆಸರು ಹಿಡಿದು ಘೋಷಿಸಿದ ವೇರಿಯಬಲ್‌ಗಳನ್ನೆಲ್ಲ ಬರಿಯ 'ಆಬ್ಜೆಕ್ಟ್' ಮಾಡಿ, 'ಕ್ರಿಯೇಟ್‌ಆಬ್ಜೆಕ್ಟ್' ಮೂಲಕ ಔಟ್‌ಲುಕ್ ಕರೆದು, ಆ ಲೈಬ್ರರಿಯ ಕಾನ್ಸ್ಟಂಟ್‌ಗಳ ಜಾಗದಲ್ಲಿ ಅಂಕಿ ಹಾಕಿ (ಮೇಲ್ ಐಟಂಗೆ 0), ರೆಫರೆನ್ಸಿನ ಟಿಕ್ ತೆಗೆದರೆ ಯಾವ ಸಂಖ್ಯೆಯ ಔಟ್‌ಲುಕ್ ಇದ್ದರೂ ನಡೆಯುತ್ತದೆ. ವಿಂಡೋಸಿನ 'ಹೊಸ ಔಟ್‌ಲುಕ್' ಒಂದು ಮಾತ್ರ ಬೇರೆ, ಅದು ಯಾವ ಮ್ಯಾಕ್ರೊವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಪೆನ್‌ಡ್ರೈವ್ ಪವಾಡ. ಆದಾಯ ತೆರಿಗೆಯ ಎಕ್ಸೆಲ್ ಯುಟಿಲಿಟಿ ಡೌನ್‌ಲೋಡ್ ಮಾಡಿ ತೆರೆದರೆ ಕೆಂಪು ಪಟ್ಟಿ, ಮ್ಯಾಕ್ರೊ ಬಂದ್. ಅದನ್ನೇ ಪೆನ್‌ಡ್ರೈವಿಗೆ ಹಾಕಿ ವಾಪಸ್ ತಂದರೆ ಸಲೀಸಾಗಿ ಓಡುತ್ತದೆ. ಪೆನ್‌ಡ್ರೈವ್ ಫೈಲನ್ನು 'ರಿಪೇರಿ' ಮಾಡುತ್ತದೆ ಎಂದು ನಂಬಿ ಅದಕ್ಕೆಂದೇ ಒಂದನ್ನು ಡ್ರಾಯರಿನಲ್ಲಿ ಇಟ್ಟುಕೊಂಡ ಆಡಿಟರ್ ಕಚೇರಿಗಳಿವೆ. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಒಂದು ಅಡಗಿದ ಚೀಟಿ ಅಂಟಿಸುತ್ತದೆ. 2022ರಿಂದೀಚೆಗೆ ಆ ಚೀಟಿ ಇರುವ ಫೈಲಿನ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ ತಡೆಯತೊಡಗಿದೆ. ಚೀಟಿ ಉಳಿಯುವುದು ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ. ಸಾಮಾನ್ಯ ಪೆನ್‌ಡ್ರೈವ್ ಫ್ಯಾಟ್32 ಆಗಿರುವುದರಿಂದ ಅಲ್ಲಿಗೆ ಹೋದಾಗ ಚೀಟಿ ಉದುರಿಹೋಗುತ್ತದೆ, ಫೈಲು ಇದ್ದಂತೆಯೇ ಇರುತ್ತದೆ. ಬಲ ಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಟಿಕ್ ಮಾಡಿದರೂ ಅದೇ ಫಲ. ಜಿಪ್ ಆದರೆ ಬಿಚ್ಚುವ ಮೊದಲೇ ಮಾಡಿ, ಇಲ್ಲವಾದರೆ ಒಳಗಿನ ಫೈಲಿಗೂ ಚೀಟಿ ಬರುತ್ತದೆ.

'ಎಲ್ಲ ಮ್ಯಾಕ್ರೊಗಳನ್ನೂ ಎನೇಬಲ್ ಮಾಡಿಬಿಡಿ, ಸರಿಹೋಗುತ್ತದೆ' ಎನ್ನುವವರ ಮಾತು ಕೇಳಲೇಬೇಡಿ: ಚೀಟಿಯಿರುವ ಫೈಲಿಗೆ ಅದು ಬಹುಮಟ್ಟಿಗೆ ನಾಟುವುದೂ ಇಲ್ಲ, ಮಿಕ್ಕಂತೆ 1999ರ ಮೆಲಿಸ್ಸಾದಂಥ ಮ್ಯಾಕ್ರೊ ವೈರಸ್ಸಿಗೆ ರತ್ನಗಂಬಳಿ ಹಾಸಿದ ಹಾಗೆ. ಹಳೇ ವರ್ಷನ್‌ಗೆ ವಾಪಸ್ ಹೋಗೋಣವೆಂದರೆ ಆಫೀಸ್ 2016, 2019 ಎರಡಕ್ಕೂ 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ. 64 ಬಿಟ್ ಎಕ್ಸೆಲ್, ಡಿಎಲ್‌ಎಲ್ ಕರೆಯುವ 'ಡಿಕ್ಲೇರ್' ಸಾಲುಗಳನ್ನು ಕೆಂಪು ಮಾಡಿದರೆ ಅದು ಕೇಳುತ್ತಿರುವುದು 'ಪಿಟಿಆರ್‌ಸೇಫ್' ಎಂಬ ಪದವನ್ನು, ಜತೆಗೆ ವಿಳಾಸ ಹೊರುವ ಕಡೆ 'ಲಾಂಗ್' ಬದಲು 'ಲಾಂಗ್‌ಪಿಟಿಆರ್' ಅನ್ನು. ಸಂದೇಶದಲ್ಲೇ ಪಿಟಿಆರ್‌ಸೇಫ್ ಎಂದು ಬರೆದಿರುತ್ತದೆ, ಓದುವ ಪುಣ್ಯಾತ್ಮರು ಬೇಕು. ಶೀಟಿನ ಮೇಲಿನ ಗುಂಡಿಯೇ ಸತ್ತಿದ್ದರೆ ಅದು ಆಕ್ಟಿವ್‌ಎಕ್ಸ್ ಗುಂಡಿಯೋ ನೋಡಿ, ಆಫೀಸ್ 2024ರಲ್ಲಿ ಅವು ಬಂದ್ ಆಗಿಯೇ ಬರುತ್ತವೆ. ನುಡಿ ಫಾಂಟಿನಲ್ಲಿ ಟೈಪಿಸಿದ್ದೆಲ್ಲ ಇಂಗ್ಲಿಷ್ ಕಸವಾಗಿ ಕಂಡರೆ ಯಾವುದೂ ಹಾಳಾಗಿಲ್ಲ, ಹೊಸ ಕಂಪ್ಯೂಟರಿಗೆ ಆ ಫಾಂಟ್ ಹಾಕಿಲ್ಲ, ಅಷ್ಟೇ.

ನನಗೆ ಬೇಸರ ತರಿಸುವುದು ಅಜ್ಞಾನವಲ್ಲ, ಆಯ್ದು ಆಯ್ದು ನಂಬುವ ರೀತಿ. ಪರದೆ ತಾನಾಗಿ ಹೇಳುವ ಕಾರಣ ಬೇಡ, ಪಕ್ಕದ ಮೇಜಿನವರು ಹೇಳುವ 'ಮೂರು ಸಲ ರೀಸ್ಟಾರ್ಟ್ ಮಾಡಿ' ಬೇಕು. ಮೂರನೇ ಸಲಕ್ಕೆ ಸರಿಹೋದರೆ ಅದೇ ಶಾಸ್ತ್ರ. ಎರಡನೇ ರೀಸ್ಟಾರ್ಟ್ ವೇಳೆ ಐಟಿಯ ಹುಡುಗ ಬಂದು ಏನೋ ಟಿಕ್ ಮಾಡಿ ಹೋಗಿದ್ದು ಯಾರಿಗೂ ನೆನಪಿರುವುದಿಲ್ಲ.

ನಿಂತ ಮ್ಯಾಕ್ರೊವಿನ ಬಗ್ಗೆ ಇಷ್ಟೆಲ್ಲ ಪುರಾಣ ಕಟ್ಟುವ ಇದೇ ಜನ, ಓಡುವ ಮ್ಯಾಕ್ರೊ ಸರಿಯಾಗಿಯೇ ಓಡುತ್ತಿದೆ ಎಂದುಕೊಂಡಿರುತ್ತಾರೆ. ಹೊಸ ಕಂಪ್ಯೂಟರಿನ ವಿಂಡೋಸ್ ಅಮೆರಿಕದ ಸೆಟ್ಟಿಂಗಿನಲ್ಲಿ ಬಂದಿದೆ, ಮ್ಯಾಕ್ರೊ ಪಠ್ಯವಾಗಿ ಬಂದ ದಿನಾಂಕಗಳನ್ನು 'ಸಿಡೇಟ್' ಮೂಲಕ ಪರಿವರ್ತಿಸುತ್ತದೆ ಎನ್ನಿ. 05/04/2024 ನಮಗೆ ಏಪ್ರಿಲ್ 5, ಅದಕ್ಕೆ ಮೇ 4. 25/04/2024 ಬಂದಾಗ ಇಪ್ಪತ್ತೈದನೇ ತಿಂಗಳಿಲ್ಲವಲ್ಲ ಎಂದು ತಕರಾರು ತೆಗೆಯುವ ಬದಲು ಸದ್ದಿಲ್ಲದೆ ಏಪ್ರಿಲ್ 25 ಮಾಡಿಕೊಳ್ಳುತ್ತದೆ. ಅರ್ಧ ಬಿಲ್ಲುಗಳು ಸರಿ, ಅರ್ಧ ತಪ್ಪು, ಒಂದೂ ಎರರ್ ಇಲ್ಲ. ಕಂಟ್ರೋಲ್ ಪ್ಯಾನೆಲಿನಲ್ಲಿ ರೀಜನ್ ಇಂಗ್ಲಿಷ್ (ಇಂಡಿಯಾ) ಮಾಡಿದರೆ ಆಮೇಲಿನವು ಸರಿಯಾಗುತ್ತವೆ. ದಿನ, ತಿಂಗಳು, ವರ್ಷವನ್ನು ಬಿಡಿಸಿ 'ಡೇಟ್‌ಸೀರಿಯಲ್'ಗೆ ಕೊಟ್ಟರೆ ಸೆಟ್ಟಿಂಗಿನ ಹಂಗೇ ಇಲ್ಲ. ಅಷ್ಟರೊಳಗೆ ಒಳಗೆ ಹೋದವನ್ನು ಮಾತ್ರ ಬಿಲ್ಲು ಮುಂದಿಟ್ಟುಕೊಂಡು ಒಂದೊಂದಾಗಿ ನೋಡಬೇಕು, ಏಕೆಂದರೆ ಶೀಟಿನ ಕೊನೆಯ ಮೊತ್ತ ಎರಡೂ ಸಂದರ್ಭದಲ್ಲಿ ಪೈಸೆಗೆ ಪೈಸೆ ತಾಳೆಯಾಗುತ್ತದೆ.